ಹಿಮ್ಮಡಿಯ ಮಣ್ಣು

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಕಟ್ಟಿಕೊಂಡ ಗಂಡನೇ ನಂಬಿಲ್ಲ. ಆದರೆ ಆ ರಾತ್ರಿ ಡೇರೆಯೊಳಗೆ ಎಚ್ಚರವಾಗಿ ಕೂತಿದ್ದವಳು ನಾನು, ಪಕ್ಕದ ಡೇರೆಯಲ್ಲಿ ಗೊರಕೆ ಹೊಡೆಯುತ್ತಿದ್ದವರು ಅವರು. ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆ.

ಮೊದಲೇ ಒಂದು ಮಾತು. ನನ್ನ ಓರಗಿತ್ತಿ ಸುಷ್ಮಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೌದು, ಏನೀಗ? ಶಿಕಾರಿಪುರದ ಈ ಮನೆಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದರೂ ಯಾರ ಬಾಯಲ್ಲೂ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಮೈದುನ ಮಂಜುವಿನ ಕೈ ಹಿಡಿದು ಅವಳು ಬಂದಳು ನೋಡಿ, ಬಂದ ವಾರದಲ್ಲೇ ಅವಳು ಮಾಡಿದ ಚಹಾಕ್ಕೆ ನಮ್ಮತ್ತೆ ಎರಡನೇ ಲೋಟ ಕೇಳಿದರು. ಮೊಣಕಾಲು ಮುಟ್ಟುವ ಕೂದಲು, ನಕ್ಕರೆ ಗುಳಿ ಬೀಳುವ ಕೆನ್ನೆ. ಸಾಲದ್ದಕ್ಕೆ ಒಳ್ಳೆಯವಳು ಬೇರೆ.

ಹೋದ ವರ್ಷ ಮಳೆಗಾಲದಲ್ಲಿ ಐದು ಜನ ತಿರುಗಾಟ ಹೊರಟೆವು. ನಾವಿಬ್ಬರು, ಅವರಿಬ್ಬರು, ಜೀಪು ಮತ್ತು ಡೇರೆ ಇದ್ದ ಮಂಜುವಿನ ಗೆಳೆಯ ರವಿ. "ಹಿಮಾಲಯಕ್ಕಂತೂ ಹೋಗಲ್ಲ, ನಮ್ಮ ಜಿಲ್ಲೆಯ ಉತ್ತರದ ಮೂಲೇನಾದ್ರೂ ನೋಡಾಣ" ಎಂದು ರವಿಯೇ ಹುರಿದುಂಬಿಸಿದ್ದ. ಉಡುತಡಿ, ತೊಗರ್ಸಿ ನೋಡಿಕೊಂಡು, ಸೊರಬ ದಾಟಿ, ಕ್ಯಾಸನೂರಿನ ಕಾಡಂಚಿನಲ್ಲಿ ರಾತ್ರಿ ಡೇರೆ ಹಾಕುವುದೆಂದು ಮಾತು.

ತೊಗರ್ಸಿ ದೇವಸ್ಥಾನದಲ್ಲಿ ನನ್ನ ಯಜಮಾನರು ಮೊಬೈಲು ತೆಗೆದರು. ಮದುವೆಯಾದ ಮೇಲೆ ನನ್ನದೊಂದು ಫೋಟೊ ತೆಗೆದವರಲ್ಲ ಇವರು. "ಸುಷ್ಮಾ, ಕಂಬದ ಕಡೆ ಸ್ವಲ್ಪ ಸರಿಯವ್ವ, ಬೆಳಕು ಚೊಲೊ ಐತೆ" ಎನ್ನುತ್ತಾ ತೆಗೆದೇ ತೆಗೆದರು. ನಾನು ಅವರ ತಲೆ ನೆನೆಯದ ಹಾಗೆ ಕೊಡೆ ಹಿಡಿದು ನಿಂತಿದ್ದೆ.

ಇನ್ನೊಂದು. ಜಿಗಣೆ ಕಾಟವೆಂದು ಎಲ್ಲರೂ ಬೂಟು ಹಾಕಿದ್ದರು. ಮಂಜು ಹೆಂಡತಿಗೆ ಗುಲಾಬಿ ಬಣ್ಣದ ಬೂಟು ತಂದಿದ್ದ. ನಮ್ಮವರಿಗೆ ನನ್ನ ಕಾಲೂ ಇದೆಯೆಂಬುದು ನೆನಪಿಗೆ ಬಂದಿರಲಿಲ್ಲ. ಐವರಲ್ಲಿ ಹವಾಯಿ ಚಪ್ಪಲಿಯವಳು ನಾನೊಬ್ಬಳೇ. ಇದು ನಿಮ್ಮ ನೆನಪಿನಲ್ಲಿರಲಿ.

ಒಂದು ಕೆರೆಯ ಹಿಂದಿನ ಬಯಲಲ್ಲಿ ಡೇರೆ ಹಾಕಿದೆವು. ಸಂಜೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಅಡುಗೆಗೆಂದು ಹೂಡಿದ್ದ ಒಲೆಯ ಪಕ್ಕ ಕೂತು ಸುಷ್ಮಾ ಕೂದಲು ಬಿಚ್ಚಿ ಒಣಗಿಸತೊಡಗಿದಳು. ಬೆಂಕಿಯ ಬೆಳಕಿನಲ್ಲಿ ಅವಳನ್ನೇ ನೋಡುತ್ತಾ ಕೂತೆ.

"ಎಷ್ಟ್ ಚಂದ ಕಾಣ್ತೀಯೆ... ನನ್ನ ಕಣ್ಣೇ ತಾಗ್ತತಿ ನೋಡು ನಿಂಗೆ" ಎಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ಮಾತ್ರ ನಗಲಿಲ್ಲ.

ಊಟಕ್ಕೆ ಕೂರುವಷ್ಟರಲ್ಲಿ ಅವಳಿಗೆ ಚಳಿ ಹತ್ತಿತು. ಆಮೇಲೆ ಜ್ವರ... ಮುಟ್ಟಿದರೆ ಕೈ ಸುಡುವಂಥದ್ದು. ಮಂಜುವಿನ ಮುಖ ಬಿಳಿಚಿಕೊಂಡಿತು. "ಮಂಗನ ಕಾಯ್ಲೆ ಏನಾದ್ರೂ..." ಎಂದ.

"ಅದು ಬ್ಯಾಸಿಗಿ ಕಾಯ್ಲೆ ಕಣೋ, ಮಳೇಲಿ ಬರಲ್ಲ" ಎಂದ ರವಿ. ಹೇಳಿದವನ ದನಿಯಲ್ಲೇ ಧೈರ್ಯವಿರಲಿಲ್ಲ.

ಮತ್ತೆ ಮಳೆ ಹಿಡಿಯಿತು. ಸೊರಬಕ್ಕೆ ಹೋಗುವ ದಾರಿಯ ಮೋರಿ ಮೇಲೆ ನೀರು ಹರಿಯುತ್ತಿತ್ತು, ಮೊಬೈಲಿಗೆ ಸಿಗ್ನಲ್ ಇಲ್ಲ. ನೀರು ಇಳಿಯಿತೇ ನೋಡಲು ಮಂಜು, ರವಿ ಬ್ಯಾಟರಿ ಹಿಡಿದು ಹೋದರು. "ಐದು ನಿಮಿಷ ಕಣ್ಮುಚ್ತೀನಿ" ಎಂದ ನಮ್ಮವರ ಗೊರಕೆ ಆಗಲೇ ಶುರುವಾಗಿತ್ತು. ಸುಷ್ಮಾಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ನಾನೊಬ್ಬಳೇ ಉಳಿದೆ. ಬಟ್ಟೆ ಹಾಕಿದಷ್ಟೂ ಬಿಸಿ. ಒಂದು ಹೊತ್ತಿನಲ್ಲಿ ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿತು, ಉಸಿರು ತಡೆದು ತಡೆದು ಬರತೊಡಗಿತು. ಇವಳು ನನ್ನ ಕೈಯಲ್ಲೇ ಹೋಗುತ್ತಾಳೆ ಅನ್ನಿಸಿತು.

ಆಗ ಕೇಳಿಸಿತು...

ಕರ್... ಕರ್... ಡೇರೆಯ ಬಾಗಿಲಿನ ಹೊರಗೆ ಯಾರೋ ಬೆರಳಿನಿಂದ ಮಣ್ಣು ಕೆರೆಯುವ ಸದ್ದು.

"ಮಂಜು?" ಎಂದೆ. ಕೆರೆಯುವುದು ನಿಂತು, ಯಾರೋ ಡೇರೆಯನ್ನು ಸುತ್ತತೊಡಗಿದರು. ಬಟ್ಟೆಯ ಆ ಬದಿಯಲ್ಲಿ ಮುದಿ ಹೆಂಗಸಿನ ದನಿ, ಬಹಳ ತಗ್ಗಿ...

"ನಾಯಿ ಕಣ್ಣು... ನರಿ ಕಣ್ಣು... ಹಾದಿ ಕಣ್ಣು... ಬೀದಿ ಕಣ್ಣು..."

ನನ್ನ ಮೈಯೆಲ್ಲ ಮುಳ್ಳೆದ್ದಿತು. ಕಣ್ಣು ತಾಗಿದವರಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸುವಾಗ ನಮ್ಮ ಕಡೆ ಹೇಳುವ ಮಾತು ಇದು. ಕಣ್ಣು ಹಾಕಿದವರು ಯಾರೆಂದು ಗೊತ್ತಿದ್ದರೆ, ಅವರ ಹೆಜ್ಜೆಯ ಮಣ್ಣನ್ನೂ ಸೇರಿಸಿ ಬೆಂಕಿಗೆ ಹಾಕುತ್ತಾರೆ.

ದನಿ ನನ್ನ ಬೆನ್ನ ಹಿಂದೆ ಬಂದು ನಿಂತಿತು.

"...ಓರಗಿತ್ತಿ ಕಣ್ಣು."

ಸುಷ್ಮಾಳ ಹಣೆಯ ಮೇಲೆ ಕೈ ಒತ್ತಿ ಹಿಡಿದೆ. ಆ ಮಳೆಯಲ್ಲಿ, ಆಗಲೇ ಆರಿಹೋಗಿದ್ದ ಒಲೆಯ ಕಡೆ ಕೆಂಪಗೆ ಬೆಳಕೆದ್ದಿತು. ಚಟ್... ಚಟ್... ಮೆಣಸಿನಕಾಯಿ ಸಿಡಿಯುವ ಸದ್ದು. ಈಗ ಘಾಟು ಬರುತ್ತದೆ, ಕೆಮ್ಮು ಬರುತ್ತದೆ ಎಂದು ಕಾದೆ. ಒಂದು ಹಿಡಿಯಷ್ಟು ಮೆಣಸಿನಕಾಯಿ ಸಿಡಿದಿರಬೇಕು. ಘಾಟು ಬರಲೇ ಇಲ್ಲ. ಒದ್ದೆ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಇಲ್ಲ.

ಸುಟ್ಟರೂ ಘಾಟು ಬಾರದಿದ್ದರೆ ಕಣ್ಣು ಗಟ್ಟಿಯಾಗಿ ತಾಗಿದೆ ಎನ್ನುತ್ತಿದ್ದಳು ನಮ್ಮಜ್ಜಿ.

ಬೆಳಕು ಆರಿತು. ನನ್ನ ಕೈಯ ಕೆಳಗೆ ಸುಷ್ಮಾಳ ಹಣೆ ಬೆವರಿತು. ನೋಡನೋಡುತ್ತಾ ಜ್ವರ ಇಳಿದು, ಅವಳು ಮಗ್ಗುಲಾಗಿ ನಿದ್ದೆ ಹೋದಳು.

ಮೋರಿಯ ನೀರು ಇಳಿದಿಲ್ಲವೆಂದು ಮಂಜು, ರವಿ ವಾಪಸು ಬಂದದ್ದು ಆಮೇಲೆ. ಬೆಳಗ್ಗೆ ಹೊರಗೆ ಬಂದೆ. ಕೆಸರಿನ ತುಂಬ ಆಳವಾಗಿ ಹೂತ ನಮ್ಮೆಲ್ಲರ ಹೆಜ್ಜೆ. ಬೂಟಿನ ಗುರುತುಗಳೆಲ್ಲ ಇದ್ದಂತೆಯೇ ಇದ್ದವು. ಹವಾಯಿ ಚಪ್ಪಲಿಯ ಗುರುತಿನಲ್ಲಿ ಮಾತ್ರ, ಒಂದೊಂದರಲ್ಲೂ, ಹಿಮ್ಮಡಿಯ ಜಾಗದ ಮಣ್ಣು ಇರಲಿಲ್ಲ. ಮೂರು ಬೆರಳಿನಿಂದ ಬಗೆದು ತೆಗೆದ ಹಾಗಿತ್ತು. ಒಲೆಯ ಬೂದಿ ನೆನೆದು ಮುದ್ದೆಯಾಗಿತ್ತು.

"ಏಡಿ ತೋಡಿರ್ತತಿ ಬಿಡೇ" ಎಂದರು ನಮ್ಮವರು.

ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದವನನ್ನು, ಇಲ್ಲಿ ಯಾವುದಾದರೂ ಅಜ್ಜಿ ಇದ್ದಾರಾ ಎಂದು ಕೇಳಿದೆ. "ಇಲ್ಲೆಲ್ಲಿ ಮನೆ ಇದಾವೆ ಮಾರಾಯ್ರೆ? ಆ ಮಳೇಲಿ ಯಾರ್ ಬರ್ತಾರ್ರೀ?" ಎಂದು ಅವನು ಎಮ್ಮೆಯ ಹಿಂದೆ ಹೋದ.

ಜೀಪಿನಲ್ಲಿ ಸುಷ್ಮಾ ನನ್ನ ತೋಳಿಗೆ ಒರಗಿ, "ರಾತ್ರಿ ಪೂರ್ತಿ ನನ್ನ ಕಾಯ್ದಿರಲ್ಲಕ್ಕ, ತಾಯಿ ಹಂಗೆ" ಎಂದಳು. ಅದಕ್ಕೂ ಎಲ್ಲರೂ ಅವಳನ್ನೇ ಮೆಚ್ಚಿಕೊಂಡರು, ಎಷ್ಟು ಒಳ್ಳೆಯ ಮನಸ್ಸು ಅಂತ!

ಈಗ ಅವಳು ಗರ್ಭಿಣಿ. ಅತ್ತೆ ಅವಳನ್ನು ನೆಲಕ್ಕೆ ಕಾಲಿಡಲು ಬಿಡುವುದಿಲ್ಲ. ನನ್ನ ಹೊಟ್ಟೆಕಿಚ್ಚು ಆರಿಲ್ಲ. ಆರಿಸಿಕೊಳ್ಳಲು ಎಷ್ಟು ಹೆಣಗಿದರೂ ಆಗುತ್ತಿಲ್ಲ. ಅದಕ್ಕೇ, ಆ ಮುದುಕಿಯ ಕೈಗೆ ನನ್ನ ಹೆಜ್ಜೆ ಸಿಗದಿರಲಿ ಎಂದು, ಮಳೆ ಬಂದ ದಿನ ಮಲಗುವ ಮುಂಚೆ ಅಂಗಳಕ್ಕೆ ಹೋಗಿ, ನಲ್ಲಿಯಿಂದ ಬಾಗಿಲವರೆಗಿನ ನನ್ನ ಹೆಜ್ಜೆಗಳನ್ನೆಲ್ಲ ಪೊರಕೆಯಿಂದ ಅಳಿಸಿ ಬರುತ್ತೇನೆ.

ಮೊನ್ನೆ ಮರೆತೆ. ಬೆಳಗ್ಗೆ ಬಾಗಿಲು ತೆಗೆದರೆ... ಒಂದು ಹೆಜ್ಜೆಗೂ ಹಿಮ್ಮಡಿ ಇಲ್ಲ.

ಕೈಯಲ್ಲಿದ್ದ ತಂಬಿಗೆ ಬಿಸಾಕಿ ಸುಷ್ಮಾಳ ಕೋಣೆಗೆ ಓಡಿದೆ. ಅವಳು ಹಾಸಿಗೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು.

"ರಾತ್ರಿ ಹೊಟ್ಟೆ ಭಾಳ ನೋಯ್ತಿತ್ತಕ್ಕ. ಜೀವಾನೇ ಹೋದಂಗಾತು. ಆಮೇಲೆ ಕತ್ತಲಾಗೆ ಯಾರೋ ಬಂದು ಹೊಟ್ಟೆ ಸವರಿದ್ರು, ನೋವು ಹಂಗೇ ನಿಂತೋತು. ಅವರ ಕೈಯೆಲ್ಲ ಮಣ್ಣು ಮಣ್ಣಾಗಿತ್ತು" ಎಂದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. "ನೀವೇ ತಾನೆ?"

"ಹೂಂ... ನಾನೇ" ಎಂದೆ.