ವಾರ್ಡಿನ ಮೂಲೆಯಲ್ಲೊಂದು ಗುಡ್ಲು

ಹೊಗೆಸೊಪ್ಪು ಕಟ್ಟುತ್ತ ಕೂತಿದ್ದ ಮಗಳು ರತ್ನ ಬಿಸಿಲಲ್ಲೇ ನಡುಗತೊಡಗಿದಳು. ಸೊಂಟ ಹಿಡಿದು ಬಗ್ಗಿದಳು. ಸಂಜೆಗೆ ಮೈ ಕೆಂಡ. ಯಾರಾದರೂ ಸೀನಿದರೆ ತಿಥಿಯ ಅಡಿಗೆಯವರೆಗೂ ಯೋಚಿಸುವವನು ನಾನು. ಗಾಡಿ ಕಟ್ಟಿ ಹುಣಸೂರಿನ ಆಸ್ಪತ್ರೆಗೆ ಕರೆದೊಯ್ದೆವು.

ಕಿಡ್ನಿಗೆ ಇನ್‌ಫೆಕ್ಷನ್ ಎಂದರು ಡಾಕ್ಟರು. ಇಂಜೆಕ್ಷನ್, ಬೆಡ್ ರೆಸ್ಟ್, ಅದರ ಮೇಲೆ ಕುಡಿಯಲು ನೀರು, ಬರೀ ನೀರು. ಕುಡಿಯದಿದ್ದರೆ ಕಿಡ್ನಿಗೇ ಪೆಟ್ಟು.

ಆದರೆ ಹದಿನಾಲ್ಕರ ಹುಡುಗಿಯನ್ನು ಮಲಗಿಸುವುದೆಲ್ಲಿ? ಹೆಂಗಸರ ವಾರ್ಡಿನ ತುಂಬ ಹೆರಿಗೆಯವರು. ಮಕ್ಕಳ ವಾರ್ಡಿಗೆ ಹಾಕಿದರು. ಅಲ್ಲಿ ಮಂಚ ಮುಗಿದ ಮೇಲೂ ಅವಳ ಕಾಲು ಉಳಿದಿತ್ತು. ಸುತ್ತ ಎಳೆಮಕ್ಕಳು, ಅವರ ಅಪ್ಪಂದಿರು, ಬ್ರೆಡ್ಡು ಮೂಸಂಬಿ ಹಿಡಿದು ಬರುವ ನಂಟರು. ಮೂತ್ರ ಸರಿಯಾಗಿ ಹೋಗುತ್ತಿದೆಯೇ ನೋಡಿ ಎಂದು ಡಾಕ್ಟರು ಹೇಳಿದ್ದೇ ತಡ, ಗಳಿಗೆಗೊಮ್ಮೆ ಹೊಲದಾಚೆಯವರನ್ನು ಕರೆಯುವ ದನಿಯಲ್ಲಿ ನಾನು ಬೆಡ್‌ಪ್ಯಾನ್ ಬೇಕಾ ಎಂದು ಕೇಳುತ್ತಿದ್ದೆ. ಅಕ್ಕಪಕ್ಕದ ಮಂಚದವರೂ ನನ್ನ ಜೊತೆ ಉತ್ತರಕ್ಕೆ ಕಾಯುತ್ತಿದ್ದರು.

ಅವಳು ನೀರು ಕುಡಿಯುವುದನ್ನೇ ಬಿಟ್ಟಳು.

ಜ್ವರ ಮತ್ತೆ ಏರಿತು. ಡಾಕ್ಟರು ಮೈಸೂರಿಗೆ ಕಳಿಸುವ ಮಾತೆತ್ತಿದರು. ಲೋಟ ಹಿಡಿದು ಬೇಡಿದೆ, ಗದರಿದೆ. ಕೊನೆಗೆ ಅವಳು ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು:

"ಈ ಜನದ್ ಮುಂದೆ ಎಂಗೆ ಓಗ್ಲಪ್ಪ? ನೀನ್ ಬೇರೆ ಡಂಗುರ ಸಾರ್ತೀಯ."

ಗಂಜಿ ತಂದಿದ್ದ ಹೆಂಡತಿ ಸಾಕಮ್ಮ ನನ್ನನ್ನೇ ನೋಡಿದಳು.

"ಓದ್ ವರ್ಸ ದೊಡ್ಡವಳಾದಾಗ, ಗಂಡಸ್ರ ಕಣ್ಣಿಗೆ ಬೀಳ್ಬಾರ್ದು ಅಂತ ಸೊಪ್ಪಿನ ಗುಡ್ಲಲ್ಲಿ ಕೂರ್ಸುದ್ರಿ. ಈಗ ಸಂತೆ ಮಧ್ಯ ಮಲಗ್ಸಿ ನೀರು ಕುಡಿ ಅಂತೀರಲ್ಲ."

ಆ ಗುಡ್ಲು ಹಾಕಿದ್ದು ಸಾಕಮ್ಮನ ತಮ್ಮ ಕೆಂಚಪ್ಪ. ಮೈನೆರೆದವಳ ಗುಡಿಸಲನ್ನು ಸೋದರಮಾವನೇ ಹಾಕಬೇಕೆಂಬುದು ನಮ್ಮ ಕಡೆಯ ಪದ್ಧತಿ. ಅವನಿಗೇ ಹೇಳಿ ಕಳಿಸಿದೆವು. ಮಂಚಕ್ಕೆ ಮರೆ ಕಟ್ಟುತ್ತೇವೆಂದರೆ ಸಿಸ್ಟರ್ ಮೊದಲು ಒಪ್ಪಲಿಲ್ಲ. ತಮ್ಮ ಮೇಜಿನಿಂದ ರೋಗಿಯ ಮುಖ ಕಾಣಬೇಕು ಎಂದರು. ಅಷ್ಟು ಸಂದು ಬಿಟ್ಟು, ಕಿಟಕಿಯ ಮೂಲೆಗೆ ದೊಡ್ಡವರ ಮಂಚವೊಂದನ್ನು ತಂದು ಹಾಕಿ, ಹೊಗೆಸೊಪ್ಪು ನೇತುಹಾಕುವ ಕೋಲುಗಳಿಗೆ ಎರಡು ಸೀರೆ ಕಟ್ಟಿದ ಕೆಂಚಪ್ಪ.

"ಈ ಸಲ ಆರತಿ ಇಲ್ಲ ಕಣವ್ವ, ನೀರೇಯ" ಎಂದ. ರತ್ನ ನಕ್ಕಳು.

ಆಮೇಲೆ ನನ್ನನ್ನು ಆಚೆ ಹೋಗು ಎಂದಳು. ಬಾಗಿಲಲ್ಲಿ ಕೂತೆ. ನೋಡಲು ಬಂದ ನಂಟರನ್ನು ಅಲ್ಲೇ ತಡೆದೆ. ಸೀರೆಯ ಹಿಂದೆ ಹೂಜಿಯಿಂದ ನೀರು ಬಗ್ಗಿಸಿಕೊಂಡ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಕೇಳಬೇಕೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ.

ಮೈಸೂರಿಗೆ ಹೋಗಬೇಕಾಗಲಿಲ್ಲ. ಈಗ ಮನೆಯಲ್ಲಿದ್ದಾಳೆ. ಮುಂದಿನ ತಿಂಗಳು ಮತ್ತೆ ಟೆಸ್ಟ್ ಇದೆ. ಅದರ ಚಿಂತೆ ಇವತ್ತಿನಿಂದಲೇ ಶುರು ಮಾಡಿದ್ದೇನೆ. ಅವಳು ಚೊಂಬು ಹಿಡಿದು ಹಿತ್ತಿಲಿಗೆ ಹೊರಟರೆ ಮಾತ್ರ, ನಾನು ಬೀದಿಯ ಕಡೆ ತಿರುಗಿ ಕೂತು, ಹೋಗುವ ಬರುವವರನ್ನೆಲ್ಲ ಊಟವಾಯಿತೇ ಎಂದು ವಿಚಾರಿಸುತ್ತೇನೆ.