ಅಣ್ಣನನ್ನು ಬಿಸಿಲಿಗೆ ನಿಲ್ಲಿಸಿದವರು

ಅಣ್ಣನ ಮುಖ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಸಿಟ್ಟು ಅವನ ಕಾಯಿಲೆಯ ಮೇಲಲ್ಲ, ನಮ್ಮ ಮನೆಯ ಪಂಡಿತರ ಮೇಲೆ.

ಸಂಪಗಾಂವದ ಗುಡಿಯ ಪೂಜೆ ನಮ್ಮ ಮನೆತನದ್ದು, ಪಾಳಿಯ ಮೇಲೆ ಮಾಡುತ್ತಾರೆ. ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಅಣ್ಣ ಒಬ್ಬನೇ ಕೂತು ಜಗಳಾಡುತ್ತಿದ್ದಾಗ ಅವನ ಪಾಳಿಯನ್ನು ಯಾರೂ ತಪ್ಪಿಸಲಿಲ್ಲ. ದೇವರ ಆವೇಶವೆಂದು ಕೈಮುಗಿದರು. ಧಾರವಾಡದ ಡಾಕ್ಟರ ಗುಳಿಗೆಯಿಂದ ಆ ಬೈಗುಳ ನಿಂತು, ಅವನು ಹೊತ್ತಿಗೆ ಸರಿಯಾಗಿ ಉಂಡು ಮಲಗತೊಡಗಿದ. ವರ್ಷಗಳು ಕಳೆದಂತೆ ಅವನ ಮುಖ, ಮುಂಗೈ ಬರೆಯುವ ಪಾಟಿಯಂತೆ ಬೂದುಗಪ್ಪಾದವು. ಆಗ ಬಂದರು ಮನೆಯ ಪಂಡಿತರು, ಅಪ್ಪನ ತಮ್ಮ, ನಮ್ಮ ಕಾಕಾ.

"ಇಂಥಾ ಮಾರಿ ನೋಡಿ ಮಂದಿ ಏನಂದಾರು? ಬಣ್ಣ ತಿಳಿ ಆಗೂತನಕಾ ಇವನ ಪಾಳಿ ನಾನ ಮಾಡ್ತೇನಿ."

ಚರ್ಮದ ರೋಗಕ್ಕೆ ಸೂರ್ಯನೇ ವೈದ್ಯ ಎಂದು ಶಾಸ್ತ್ರ ತೆಗೆದವರೂ ಅವರೇ. ದಿನಾ ಅಂಗಳದಲ್ಲಿ, ಬರಿಮೈಯಲ್ಲಿ, ಬಿಸಿಲು ನೆತ್ತಿಗೇರುವ ತನಕ ಸೂರ್ಯನಮಸ್ಕಾರ. ಗರ್ಭಗುಡಿ ಬಿಟ್ಟರೆ ಅಣ್ಣನಿಗೆ ಬೇರೆ ಜಗತ್ತೇ ಇರಲಿಲ್ಲ. ಪಾಳಿ ಮರಳಿ ಬೇಕಿತ್ತು, ಮರುಮಾತಿಲ್ಲದೆ ನಮಸ್ಕಾರ ಹಾಕಿದ. ಬಣ್ಣ ಇನ್ನಷ್ಟು ಕಪ್ಪಾಯಿತು.

"ಭಕ್ತಿ ಕಡಿಮಿ ಆತು," ಎಂದರು ಕಾಕಾ.

ಹಲ್ಲು ಕಚ್ಚಿಕೊಂಡು ಅಣ್ಣನನ್ನು ಬೈಲಹೊಂಗಲಕ್ಕೆ ಕರೆದೊಯ್ದು ಅವನೊಂದಿಗೆ ಧಾರವಾಡದ ಬಸ್ಸು ಹತ್ತಿದೆ. ಡಾಕ್ಟರು ಅವನ ಮುಖ ನೋಡಿ, "ಈ ಗುಳಿಗಿ ತೊಗೊಳ್ಳೋರು ಬಿಸಲಾಗ ನಿಂತ್ರ ಹಿಂಗ ಆಗ್ತದ್ರಿ. ನಿಮಗ ಯಾರೂ ಹೇಳಿದ್ದಿಲ್ಲೇನು?" ಎಂದರು.

"ಹೇಳಬೇಕಾದವರು ನೀವ ಅಲ್ಲೇನ್ರಿ?" ಎಂದೆ. ಅವರು ಕನ್ನಡಕ ಒರೆಸಿಕೊಂಡರು. ಆಮೇಲೆ ಗುಳಿಗೆ ಬದಲಿಸಿದರು. ಬಣ್ಣ ಹೋಗಲು ಬಹಳ ಕಾಲ ಬೇಕು, ಪೂರ್ತಿ ಹೋಗದೆಯೂ ಇರಬಹುದು, ಆದರೆ ಗುಳಿಗೆ ಮಾತ್ರ ಬಿಡಬಾರದು ಎಂದರು.

ಊರಿಗೆ ಬಂದು ಕಾಕಾಗೆ ಎಲ್ಲ ಬಿಡಿಸಿ ಹೇಳಿದೆ.

"ಹಂಗಾರ ಗುಳಿಗೀನ ಬಿಡಸು. ಮುಂದಿನ ಪಾಳಿ ಅವಂಗ ಕೊಡ್ತೇನಿ," ಎಂದರು, ವೀಳ್ಯದೆಲೆಯ ತೊಟ್ಟು ಮುರಿದಷ್ಟು ಸಲೀಸಾಗಿ. ನೆಗಡಿ ಬಂತೆಂದು ಮೂಗು ಕೊಯ್ಯುವ ಜನ. ನಾನು ಬಾಯಿ ತೆಗೆಯುವುದರೊಳಗೆ ಅಣ್ಣನೇ ಮಾತಾಡಿದ.

"ಪಾಳಿ ನೀವ ಇಟ್ಕೋರಿ ಕಾಕಾ. ನಾ ಗುಳಿಗಿ ಬಿಡೂದಿಲ್ಲ."

ಅವನ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇರಬೇಕಿತ್ತು. ಅವನ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡಿದ್ದೇನೆ. ಕಾಕಾ ಈಗಲೂ ಅಣ್ಣನ ಪಾಳಿಯಲ್ಲಿ ನಿಂತು ತೀರ್ಥ ಕೊಡುತ್ತಾರೆ. ಅವರೆದುರು ನಾನು ಕೈ ಒಡ್ಡುವುದಿಲ್ಲ.