ಶಶಿರೇಖಾ ತಾಂಬೂಲ ಹಿಡಿಯಲಿಲ್ಲ

ಆ ದಿನ ಬೆಳಿಗ್ಗೆ ಶಶಿರೇಖಾ ತಿಂಡಿ ಮುಟ್ಟದೆ ಎದ್ದಳು. ದುಃಖಕ್ಕಲ್ಲ, ಖುಷಿಗೆ. ಗುಬ್ಬಿ ರಸ್ತೆಯ ತೆಂಗಿನಕಾಯಿ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂದು ವರ್ಷ ಮೆಷಿನ್ ನಡೆಸಿದವಳು ರಾಜೀನಾಮೆ ಕೊಟ್ಟಿದ್ದಳು, ಇವತ್ತೇ ಕೊನೆಯ ದಿನ. ಬಟವಾಡಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮುದುಕ ಕದರಯ್ಯ, "ನನ್ ಕೈಲಾಗಲ್ಲ ಕಣವ್ವಾ, ನೀನೇ ತಗೋ" ಎಂದು ಮಾತು ಕೊಟ್ಟಿದ್ದ. ಆದರೆ ದುಡ್ಡು ಇಂದು ಸಂಜೆಯೊಳಗೆ ಮುಟ್ಟಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಅಡ್ವಾನ್ಸ್ ಹಿಡಿದುಕೊಂಡು ಕುಣಿಗಲ್ಲಿನ ಮೊಬೈಲ್ ಅಂಗಡಿಯವನೊಬ್ಬ ತುದಿಗಾಲಲ್ಲಿ ನಿಂತಿದ್ದ. ಅವಳ ದುಡ್ಡೆಂದರೆ ಫ್ಯಾಕ್ಟರಿಯಿಂದ ಬರಬೇಕಾದ ಗ್ರಾಚ್ಯುಟಿ ಮತ್ತು ತೆಗೆದುಕೊಳ್ಳದೆ ಉಳಿದ ರಜೆಯ ಸಂಬಳ. ಬೇರೆ ದಾರಿ ಇರಲಿಲ್ಲ.

"ಕೊಡ್ತಾರೇನೇ?" ಎಂದು ಆಟೋ ಸ್ಟಾರ್ಟ್ ಮಾಡುತ್ತ ಗಂಡ ರಾಮಾಂಜಿನಯ್ಯ ಕೇಳಿದ.

"ಕೊಡದೆ ಎಲ್ಲಿಗೋಗ್ತಾರೆ? ನಡೀರಿ ನೀವು!"

ಮಾಲೀಕ ಸದಾಶಿವಯ್ಯನವರು ಕೆಟ್ಟವರೇನಲ್ಲ. ಮಠಕ್ಕೆ ಅಕ್ಕಿ ಮೂಟೆ ಕಳಿಸುವಾಗ ಅವರದು ಎತ್ತಿದ ಕೈ. ಕೆಲಸದವರಿಗೆ ಕೊಡಬೇಕಾಗಿ ಬಂದಾಗ ಮಾತ್ರ ಅದೇ ಕೈ ಜೇಬಿನೊಳಗೆ ಸಿಕ್ಕಿಕೊಂಡುಬಿಡುತ್ತಿತ್ತು. ಯಾರಾದರೂ ಕೆಲಸ ಬಿಟ್ಟರೆ ಹೋಳಿಗೆ ಊಟ ಹಾಕಿಸಿ, ಹೆಂಡತಿಯ ಕೈಯಿಂದ ಸೀರೆ, ತಾಂಬೂಲ ಕೊಡಿಸಿ ಕಳಿಸುವುದು ಅವರ ಪದ್ಧತಿ. ನಮ್ಮ ಕಡೆ ತಾಂಬೂಲ ಹಿಡಿದರೆ ಮಾತು ಮುಗಿದಂತೆ. ಮದುವೆಗೂ ಅಷ್ಟೇ, ವ್ಯವಹಾರಕ್ಕೂ ಅಷ್ಟೇ. "ಎಲೆ ಅಡಿಕೆ ಇಸ್ಕೊಂಡ್ಮೇಲೆ ಯಾವ ಮುಖ ಇಟ್ಕೊಂಡು ದುಡ್ಡು ಕೇಳೋದು?" ಎಂದು ಹಿಂದೆ ಬಿಟ್ಟುಹೋದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ನೋಡಿ.

ಮಧ್ಯಾಹ್ನ ಶೆಡ್ಡಿನಲ್ಲಿ ಎಲೆ ಹಾಕಿದರು. ಸದಾಶಿವಯ್ಯನವರು ಶಶಿರೇಖಾಳನ್ನು ಮಗಳಿಗೆ ಸಮ ಎಂದು ಹೊಗಳಿದರು. ಅವರ ಹೆಂಡತಿ ಬಸವಲಿಂಗಮ್ಮ ಸೀರೆ, ತಾಂಬೂಲದ ತಟ್ಟೆ ಹಿಡಿದು ಬಂದು ಕುಂಕುಮ ಇಟ್ಟರು. ಇಡಿಸಿಕೊಂಡಳು. ಹೂವು ಕೊಟ್ಟರು. ಮುಡಿದುಕೊಂಡಳು. ತಟ್ಟೆ ಮುಂದೆ ಚಾಚಿದಾಗ ಶಶಿರೇಖಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಈಗ ಬ್ಯಾಡ ಅಮ್ಮಾವ್ರೇ. ನನ್ ಲೆಕ್ಕ ಇನ್ನೂ ಮುಗಿದಿಲ್ಲ."

ಸದಾಶಿವಯ್ಯನವರು ನಕ್ಕಂತೆ ಮಾಡಿ, "ಗ್ರಾಚ್ಯುಟಿ ಎಲ್ಲಾ ರಿಟೈರ್ ಆದೋರಿಗೆ ಕಣಮ್ಮಾ. ನೀನಾಗೇ ಬಿಟ್ಟೋಗ್ತಿದೀಯಲ್ಲ" ಎಂದರು.

"ಲೇಬರ್ ಆಫೀಸಲ್ಲಿ ಕೇಳ್ಕೊಂಡು ಬಂದಿದೀನಿ ಸಾರ್. ನಾವಾಗೇ ಬಿಟ್ರೂ ಕೊಡ್ಬೇಕಂತೆ. ಕೊಡಿ, ತಾಂಬೂಲ ಕಣ್ಣಿಗೊತ್ಕೊಂಡು ತಗೋತೀನಿ."

ಅವರು ಕೋಪಗೊಳ್ಳುತ್ತಿದ್ದರೋ ಏನೋ. ಆದರೆ ಬಸವಲಿಂಗಮ್ಮನ ಮುಖ ಕೆಂಪಾಗಿತ್ತು. ಮುತ್ತೈದೆಗೆಂದು ತಂದ ತಟ್ಟೆಯನ್ನು ಹಾಗೇ ಒಳಗೆ ಒಯ್ಯುವ ಹೆಂಗಸಲ್ಲ ಅವರು. ಬಯ್ಯುತ್ತಾರೆಂದು ಶಶಿರೇಖಾ ತಲೆ ತಗ್ಗಿಸಿದಳು. ಅವರು ತಿರುಗಿದ್ದು ಗಂಡನ ಕಡೆಗೆ.

"ಏನ್ರೀ ಇದು? ಕೊಡೋ ದುಡ್ಡು ಬಾಕಿ ಇಟ್ಕೊಂಡು ನನ್ ಕೈಲಿ ತಟ್ಟೆ ಹಿಡಿಸ್ತಿದೀರಾ? ಇಷ್ಟು ವರ್ಷನೂ ಹಿಂಗೇ ಮಾಡಿಸಿದ್ರಾ?"

"ಆಮೇಲೆ ಮಾತಾಡಣ, ಒಳಗೆ ನಡಿ."

"ನಡಿಯಲ್ಲ. ಇವಳು ಹಿಡಿಯೋಗಂಟ ಇಲ್ಲೇ ನಿಂತಿರ್ತೀನಿ."

ಯಜಮಾನಿ ನಿಂತಿರುವಾಗ ಉಣ್ಣುವವರು ಯಾರು? ಸಾಲಾಗಿ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎಲೆಯಿಂದ ಕೈ ಹಿಂದಕ್ಕೆ ತೆಗೆದರು. ಬಿಸಿ ಹೋಳಿಗೆ ಮೇಲಿನ ತುಪ್ಪ ಹೆಪ್ಪುಗಟ್ಟತೊಡಗಿತು. ಸದಾಶಿವಯ್ಯನವರು ಹೆಂಡತಿಯನ್ನು ನೋಡಿದರು, ಹೆಂಗಸರನ್ನು ನೋಡಿದರು, ಕೊನೆಗೆ ಗುಮಾಸ್ತ ಉದಯಕುಮಾರನನ್ನು ಕೂಗಿದರು. "ಲೆಕ್ಕ ಮಾಡಯ್ಯಾ."

"ಆಗಲೇ ಮಾಡಿಟ್ಟಿದೀನಿ ಸಾರ್, ನೀವು ಹೂಂ ಅಂದ್ರೆ ಅಕೌಂಟಿಗೆ ಹಾಕ್ಬುಡ್ತೀನಿ" ಎಂದ ಅವನು, ಗೋಡೆ ನೋಡುತ್ತ.

"ಹೂಂ" ಎಂದರು.

ಸೆರಗಿನ ಗಂಟಿನಲ್ಲಿದ್ದ ಫೋನು ಟಿಣ್ ಎಂದಾಗ ಶಶಿರೇಖಾ ಹೌಹಾರಿದಳು. ನೋಡಿದಳು, ಮತ್ತೆ ನೋಡಿದಳು. ಎರಡೂ ಕೈ ಚಾಚಿ ತಟ್ಟೆ ಹಿಡಿದು ಕಣ್ಣಿಗೊತ್ತಿಕೊಂಡಳು. ಬಸವಲಿಂಗಮ್ಮನ ಕಾಲಿಗೆ ಬಿದ್ದವಳು ಎದ್ದದ್ದೇ ತಡ, ಹೋಳಿಗೆಯನ್ನೂ ಮರೆತು ಗೇಟಿನ ಕಡೆ ಓಡಿದಳು. "ಬಟವಾಡಿಗೆ ಬುಡ್ರೀ! ಬಂತು ಕಣ್ರೀ, ಬಂತು!" ಎಂಬ ಕೂಗಿಗೆ, ಆಚೆ ಆಟೋದಲ್ಲಿ ಕಾಯುತ್ತಿದ್ದ ರಾಮಾಂಜಿನಯ್ಯ ಕುಡಿಯುತ್ತಿದ್ದ ಟೀಯನ್ನು ಅಂಗಿಗೆ ಚೆಲ್ಲಿಕೊಂಡ.

ಸಂಜೆಗೆ ಮೊದಲೇ ಕದರಯ್ಯನ ಗಿರಣಿಯಲ್ಲಿ ದುಡ್ಡು ಮುಟ್ಟಿತು, ಬೀಗದ ಕೈ ಕೈ ಬದಲಾಯಿಸಿತು. ಆಗಲೇ ಒಬ್ಬಾಕೆ ರಾಗಿ ತಂದು ನಿಂತಿದ್ದಳು. ಮುದುಕ ಸ್ವಿಚ್ ಒತ್ತಿದ. ಗಿರಣಿ ತಿರುಗಿತು. ಶಶಿರೇಖಾ ಕಿವಿಗೊಟ್ಟಳು.

"ತಾತಾ, ಬೆಲ್ಟು ಸಡಿಲ ಆಗೈತೆ. ಯಾರಿಗಾದ್ರೂ ಹೇಳ್ಬೇಕು."

"ಯಾರಿಗವ್ವಾ ಹೇಳ್ತೀಯಾ? ನಿಂದೇ ಅಲ್ವಾ ಇದು?" ಎಂದು ಕದರಯ್ಯ ಬೊಚ್ಚುಬಾಯಿ ತೆರೆದು ನಕ್ಕ.

ಶಶಿರೇಖಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿರಣಿ ನಿಲ್ಲಿಸಿ, ಸ್ಪ್ಯಾನರ್ ಎಲ್ಲಿದೆ ಎಂದು ಕೇಳಿದಳು.